ಸಣ್ಣ ಗೇಮ್‌ಗಳಿಗೆ ನಾನು ವಿಮರ್ಶೆ ಬರೆಯುವ ರೀತಿ

ಒಬ್ಬರೋ ಇಬ್ಬರೋ ಸೇರಿ ಮಾಡಿದ ಸಣ್ಣ ಗೇಮ್‌ಗಳ ಬಗ್ಗೆಯೇ ನಾನು ಜಾಸ್ತಿ ಬರೆಯುತ್ತೇನೆ. ಎಷ್ಟೋ ಗೇಮ್‌ಗಳು ಒಂದೇ ಸಂಜೆಯಲ್ಲಿ ಮುಗಿಯುತ್ತವೆ. ಹಾಗಿರುವಾಗ ಪೂರ್ತಿ ಆಡದೆ ಬರೆಯುವುದು ನ್ಯಾಯ ಅಲ್ಲ.

ಮೊದಲ ಸಲ ಒಬ್ಬನೇ ಕೂತು ಆಡುತ್ತೇನೆ. ಗೈಡ್ ಇಲ್ಲ, ವಿಡಿಯೋ ಇಲ್ಲ, ಬೇರೆಯವರ ವಿಮರ್ಶೆಯನ್ನೂ ಓದಿರುವುದಿಲ್ಲ. ಪಕ್ಕದಲ್ಲಿ ಕೂತವರು "ಅಲ್ಲೊಂದು ಬಾಗಿಲಿದೆ ನೋಡು" ಅಂದುಬಿಟ್ಟರೆ ಮುಗೀತು. ಗೇಮ್ ಆ ಬಾಗಿಲಿನ ಸುಳಿವನ್ನು ಚೆನ್ನಾಗಿ ಕೊಟ್ಟಿತ್ತಾ ಇಲ್ವಾ ಅಂತ ನಾನು ಹೇಗೆ ಹೇಳಲಿ?

ಲ್ಯೂಕಸ್ ಪೋಪ್ ಅವರ 'ರಿಟರ್ನ್ ಆಫ್ ದಿ ಓಬ್ರಾ ಡಿನ್' (2018) ಇದಕ್ಕೆ ಒಳ್ಳೆಯ ಉದಾಹರಣೆ. ಹಡಗಿನಲ್ಲಿದ್ದ 60 ಜನರಿಗೆ ಏನಾಯಿತು ಅಂತ ನಾವೇ ಪತ್ತೆ ಹಚ್ಚಬೇಕು. ಹೆಸರು, ಸತ್ತ ರೀತಿ, ಕೊಂದವರು ಯಾರು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ತುಂಬುತ್ತಾ ಹೋಗಬೇಕು. ಮೂರು ಜನರ ವಿವರ ಸರಿಯಾದಾಗ ಮಾತ್ರ ಗೇಮ್ ಹೌದು ಅನ್ನುತ್ತದೆ. ಒಬ್ಬೊಬ್ಬರದ್ದಕ್ಕೂ ಹೌದು-ಅಲ್ಲ ಹೇಳಿದ್ದರೆ ಸುಮ್ನೆ ಊಹಿಸಿಯೇ ದಾಟಬಹುದಿತ್ತು, ಅಲ್ವಾ? ಆ ದಾರಿ ಮುಚ್ಚಿರುವುದರಿಂದ ಮಾತಿನ ಧಾಟಿ, ಕಾಲಿನ ಬೂಟು, ತೂಗುಹಾಸಿಗೆಯ ನಂಬರು, ಎಲ್ಲದರ ಮೇಲೂ ಕಣ್ಣಿಡಬೇಕಾಗುತ್ತದೆ. ಒಂದು ಬೂಟಿನಿಂದ ಒಬ್ಬ ಮನುಷ್ಯನ ಹೆಸರು ಸಿಕ್ಕಾಗ ಆಗುವ ಖುಷಿಯೇ ಈ ಗೇಮ್‌ನ ಜೀವ. ಗೈಡ್ ನೋಡಿದರೆ ಅದು ಸಿಗುವುದೇ ಇಲ್ಲ.

ಆಡುವಾಗ ಪಕ್ಕದಲ್ಲಿ ನೋಟ್‌ಬುಕ್ ಇರುತ್ತದೆ. ಸಿಕ್ಕಿಹಾಕಿಕೊಂಡ ಜಾಗವನ್ನೆಲ್ಲ ಬರೆದುಕೊಳ್ಳುತ್ತೇನೆ. ಯೋಚಿಸುತ್ತಾ ನಿಂತೆನಾ, ಏನು ಮಾಡಬೇಕೆಂದು ಗೇಮ್ ಹೇಳಲೇ ಇಲ್ಲವಾ? ಎರಡೂ ಬೇರೆ ಬೇರೆ. ಮೊದಲನೆಯದು ಒಗಟು, ಎರಡನೆಯದು ಕೊರತೆ.

ಇಷ್ಟು ದುಡ್ಡಿಗೆ ಎಷ್ಟು ಗಂಟೆ ಆಟ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. 'ಅ ಶಾರ್ಟ್ ಹೈಕ್' (2019) ನೋಡಿ. ಮೊಬೈಲ್ ಸಿಗ್ನಲ್‌ಗಾಗಿ ಒಂದು ಹಕ್ಕಿ ಬೆಟ್ಟ ಹತ್ತುತ್ತದೆ, ಕಥೆ ಅಷ್ಟೇ. ಒಂದೆರಡು ಗಂಟೆಯಲ್ಲಿ ತುದಿ ಮುಟ್ಟಬಹುದು. ಆದರೆ ಮ್ಯಾಪ್ ಇಲ್ಲ, ಅವಸರವೂ ಇಲ್ಲ. ಚಿನ್ನದ ಗರಿ ಸಿಕ್ಕಷ್ಟೂ ಹೆಚ್ಚು ಎತ್ತರ ಹತ್ತಬಹುದು. ಗರಿ ಹುಡುಕುತ್ತಾ ಬೆಟ್ಟವನ್ನೇ ಮರೆತು ಸಮುದ್ರದ ದಡದಲ್ಲಿ ಸುತ್ತಾಡುತ್ತೇವೆ. ಅದನ್ನು ಎಳೆದು ಹತ್ತು ಗಂಟೆ ಮಾಡಿದ್ದರೆ ಹಾಳಾಗುತ್ತಿತ್ತು.

ಕಷ್ಟದ ಗೇಮ್ ಆದರೆ ಸಹಾಯದ ಆಯ್ಕೆಗಳನ್ನೂ ಹಾಕಿ ಆಡುತ್ತೇನೆ. 'ಸೆಲೆಸ್ಟ್'ನಲ್ಲಿ (2018) ವೇಗ ಕಡಿಮೆ ಮಾಡಬಹುದು, ಸಾಯದ ಹಾಗೆಯೂ ಮಾಡಿಕೊಳ್ಳಬಹುದು. ಇದು ಎಷ್ಟೋ ಜನರಿಗೆ ಗೇಮ್ ಕೊಳ್ಳಬೇಕೋ ಬೇಡವೋ ಅನ್ನುವಷ್ಟು ದೊಡ್ಡ ವಿಷಯ. ಅಕ್ಷರದ ಗಾತ್ರ, ನಡುವೆ ನಿಲ್ಲಿಸಿದರೆ ಎಲ್ಲಿ ಸೇವ್ ಆಗುತ್ತದೆ ಅನ್ನುವುದು ಕೂಡ ಹಾಗೆಯೇ. ಅದಕ್ಕೇ ಇವನ್ನು ವಿಮರ್ಶೆಯ ಕೊನೆಗೆ ತಳ್ಳದೆ ಮೊದಲಲ್ಲೇ ಬರೆಯುತ್ತೇನೆ.