ಹೊರಗಿನ ಗ್ಯಾಂಗ್ ಬಂದ ದಿನವೇ ಕಂಬ ನಿಲ್ಲಬೇಕು: ನನ್ನ ಅನುಭವ

ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ದುಡಿಯುವವರಿಗೆ ಪರಸ್ಪರ ನೆರವಿನ ಒಪ್ಪಂದ ಎಂದರೇನು ಅಂತ ವಿವರಿಸಬೇಕಿಲ್ಲ. ಐಸ್ ಸ್ಟಾರ್ಮ್‌ಗೆ (ತಂತಿ, ಕಂಬಗಳ ಮೇಲೆ ಬಿದ್ದ ಮಳೆ ಮಂಜುಗಡ್ಡೆಯಾಗಿ ಕಟ್ಟುವ ಬಿರುಗಾಳಿಗೆ) ಸಾಲುಗಟ್ಟಲೆ ಕಂಬ ಮುರಿದಾಗ ರಾಜ್ಯದ ಒಕ್ಕೂಟಕ್ಕೆ ಒಂದು ಫೋನ್ ಮಾಡಿದರೆ ಸಾಕು, ನೆರೆಯ ಸಂಘಗಳ ಬಕೆಟ್ ಟ್ರಕ್‌ಗಳು ಹೊರಡುತ್ತವೆ. ಆದರೆ ಬಂದ ಲೈನ್‌ಮನ್ ಗ್ಯಾಂಗ್‌ಗಳು ಮೊದಲ ದಿನವೆಲ್ಲ ಸಾಮಾನಿಗಾಗಿ ಸ್ಟೋರ್ ಮುಂದೆ ಕಾಯುತ್ತಿದ್ದವು. ಆ ದಿನವನ್ನು ಉಳಿಸಲು ಕಂಬಕ್ಕೊಂದು ಕಿಟ್ ಕಟ್ಟಿಡೋಣ ಎಂದಾಗ, ದುಡ್ಡನ್ನು ಸ್ಟೋರ್‌ನಲ್ಲಿ ಕೊಳೆಹಾಕುತ್ತೀರಿ ಎಂದವರೇ ಹೆಚ್ಚು. ಈಗ ಗ್ಯಾಂಗ್ ಬಂದು ಎರಡು ಗಂಟೆಯೊಳಗೆ ಮೊದಲ ಕಂಬದ ಗುಂಡಿ ತೋಡುತ್ತಿರುತ್ತದೆ.

ಕಿಟ್ ಎಂದರೆ ಒಂದು ಗೋಣಿಚೀಲ. ಸಿಂಗಲ್ ಫೇಸ್ ಎ1ಕ್ಕೆ (ಎ1, ಸಿ1 ಎಂದರೆ ಕಂಬದ ತಲೆಯ ಜೋಡಣೆಯ ಸ್ಟ್ಯಾಂಡರ್ಡ್ ನಮೂನೆಗಳು) ಪೋಲ್‌ಟಾಪ್ ಪಿನ್, ಪಿನ್ ಇನ್ಸುಲೇಟರ್, ನ್ಯೂಟ್ರಲ್‌ನ ಬೋಲ್ಟ್ ಮತ್ತು ಸ್ಪೂಲ್, ಚೌಕ ವಾಷರ್, ಅರ್ಥ್ ವೈರ್, ರಾಡ್, ಕ್ಲ್ಯಾಂಪ್. ತ್ರೀ ಫೇಸ್ ಸಿ1ಕ್ಕೆ ಇವುಗಳ ಜೊತೆ ಕ್ರಾಸ್‌ಆರ್ಮ್‌ನ (ಕಂಬದ ಮೇಲಿನ ಅಡ್ಡಪಟ್ಟಿಯ) ಎರಡು ಪಿನ್, ಇನ್ನೆರಡು ಇನ್ಸುಲೇಟರ್, ಅದಕ್ಕೆ ಆಸರೆಯಾಗುವ ಒಂದು ಜೊತೆ ಬ್ರೇಸ್. 8 ಅಡಿ ಕ್ರಾಸ್‌ಆರ್ಮ್ ಕಂಬದ ಟ್ರೇಲರ್‌ನಲ್ಲೇ ಹೋಗುತ್ತದೆ. 40 ಅಡಿ ಕಂಬಕ್ಕೆ ಆಳ 6 ಅಡಿ. ಕಂಬ ಬೇಗ ನಿಲ್ಲಿಸುವ ಆತುರದಲ್ಲಿ ಆಳ ಕಡಿಮೆ ಮಾಡಿದರೆ ಹೆಪ್ಪುಗಟ್ಟಿದ ಮಣ್ಣು ಕರಗಿದ ಮೇಲೆ ಅದು ವಾಲುತ್ತದೆ.

ಮೊದಲ ಸಲ ಎಲ್ಲ ಕಿಟ್‌ಗೂ 10 ಇಂಚಿನ ಬೋಲ್ಟ್ ಹಾಕಿದ್ದೆವು. ಅದೇ ಎತ್ತರದ ದಪ್ಪ ಕ್ಲಾಸ್‌ನ ಕಂಬ ಬಂದಾಗ ಬೋಲ್ಟ್ ಆಚೆ ಬದಿ ತಲುಪಲಿಲ್ಲ, ಅರ್ಧ ದಿನ ಹಾಳು. ಈಗ 10 ಮತ್ತು 12 ಇಂಚು ಎರಡೂ ಇರುತ್ತವೆ. ಉಳಿದದ್ದು ವಾಪಸ್ ಬರುತ್ತದೆ, ನಷ್ಟವಿಲ್ಲ.

ಅದಕ್ಕಿಂತ ದುಬಾರಿಯಾದದ್ದು ಸ್ಲೀವ್, ಅಂದರೆ ಎರಡು ತಂತಿಯ ತುದಿಗಳನ್ನು ಒತ್ತಿ ಕೂಡಿಸುವ ಕೊಳವೆ. ನಮ್ಮ ಹಳೆಯ ಟ್ಯಾಪ್ ಲೈನ್‌ಗಳಲ್ಲಿ (ಮುಖ್ಯ ಲೈನ್‌ನ ಕವಲುಗಳಲ್ಲಿ) 6ಎ ಕಾಪರ್‌ವೆಲ್ಡ್–ಕಾಪರ್ (ತಾಮ್ರ ಹೊದಿಸಿದ ಉಕ್ಕು ಮತ್ತು ತಾಮ್ರದ ಎಳೆಗಳ ತಂತಿ) ಇನ್ನೂ ಉಳಿದಿದೆ, ಬಂದವರ ಬಳಿ ಇದ್ದದ್ದು ಎಸಿಎಸ್‌ಆರ್‌ನ (ಉಕ್ಕಿನ ಒಳಎಳೆಯ ಅಲ್ಯೂಮಿನಿಯಂ ತಂತಿಯ) ಅಲ್ಯೂಮಿನಿಯಂ ಸ್ಲೀವ್ ಮಾತ್ರ. ಒತ್ತಿ ಕೂಡಿಸಿದ ಕೆಲವು ಜಾಯಿಂಟ್‌ಗಳು ತಂತಿ ಎಳೆಯುವಾಗಲೇ ಜಾರಿದವು. ಹಾಗಾಗಿ ತಂತಿಯ ಗಾತ್ರ, ಸ್ಲೀವ್, ಒತ್ತುವ ಡೈ (ಅಚ್ಚು) ಮೂರನ್ನೂ ಬರೆದ ಚೀಟಿಯನ್ನು ಪ್ರತಿ ಟ್ಯಾಪ್‌ನ ನಕ್ಷೆಗೆ ಪಿನ್ ಮಾಡುತ್ತೇವೆ. ವೋಲ್ಟೇಜ್ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು: ನಮ್ಮದು 7.2/12.47 ಕೆವಿ (ಫೇಸ್‌ನಿಂದ ನ್ಯೂಟ್ರಲ್‌ಗೆ 7.2, ಫೇಸ್‌ಗಳ ನಡುವೆ 12.47), ಒಂದು ನೆರೆ ಸಂಘದ್ದು 14.4/24.9. ಅವರು ಡ್ಯುಯಲ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಸ್ವಿಚ್ ಯಾವ ಸ್ಥಾನದಲ್ಲಿದೆ ಎಂದು ನೆಲದ ಮೇಲಿರುವಾಗಲೇ ನೋಡಬೇಕು.

ನಾಲ್ಕು ಜನರ ಒಂದು ಗ್ಯಾಂಗ್‌ಗೆ ನಮ್ಮವರೊಬ್ಬರು ದಾರಿ ತೋರಿಸುತ್ತಾರೆ. ಇದಕ್ಕೆ ಲೈನ್‌ಮನ್‌ನೇ ಬೇಕೆಂದು ಮೊದಲು ಹಟ ಹಿಡಿದು ಲೈನ್ ಕೆಲಸಕ್ಕೆ ಬೇಕಾದ ಜನರನ್ನು ಕಳೆದುಕೊಂಡೆವು. ನಿವೃತ್ತರು, ಸ್ಟೇಕಿಂಗ್ ಮಾಡುವವರು (ಕಂಬದ ಜಾಗ ಗುರುತಿಸುವವರು) ಸಾಕು. ಗೇಟು, ಹಳ್ಳ, ತೋಟದ ದಾರಿ ಅವರಿಗೇ ಚೆನ್ನಾಗಿ ಗೊತ್ತು. ಯಾವ ಗ್ಯಾಂಗ್‌ಗೆ ಯಾರನ್ನು ಜೋಡಿಸುತ್ತೇವೆ ಎಂಬ ಲೆಕ್ಕಾಚಾರವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಲೈನ್ ಕ್ಲಿಯರ್ (ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಕೊಡುವವರು ಇಡೀ ಫೀಡರ್‌ಗೆ ಒಬ್ಬರೇ. ಮನೆಯ ಜನರೇಟರ್‌ನಿಂದ ಬರುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು ಎಚ್‌ಟಿ (ಹೈ ಟೆನ್ಷನ್) ಬದಿಗೆ 7,200 ವೋಲ್ಟ್ ಏರಿಸಬಲ್ಲದು. ಪರೀಕ್ಷಿಸಿ, ಅರ್ಥ್ ಕಟ್ಟದೆ ಯಾರೂ ಮುಟ್ಟುವಂತಿಲ್ಲ.

ಹಣ ಕಳೆದುಕೊಂಡದ್ದು ಕಾಗದದಲ್ಲಿ. ಅಧ್ಯಕ್ಷರು ವಿಪತ್ತು ಘೋಷಿಸಿದರೆ ಅರ್ಹ ವೆಚ್ಚದಲ್ಲಿ ಕನಿಷ್ಠ 75% ಫೆಮಾ (ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಭರಿಸುತ್ತದೆ. ತುರ್ತು ಕೆಲಸದಲ್ಲಿ ನಮ್ಮ ಕಾಯಂ ನೌಕರರ ಓವರ್‌ಟೈಮ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ನೆರವಿಗೆ ಬಂದ ಸಂಘದ ನೌಕರರಿಗೆ ಮಾಮೂಲಿ ಸಮಯವೂ ಸೇರುತ್ತದೆ. 'ಫೆಮಾ ಕೊಟ್ಟರೆ ಮಾತ್ರ ನಿಮಗೆ ಪಾವತಿ' ಎಂಬ ಸಾಲು ಒಪ್ಪಂದದಲ್ಲಿದ್ದರೆ ಆ ವೆಚ್ಚವೇ ಅನರ್ಹ. ಹಳೆಯ ಕರಡಿನಲ್ಲಿ ಹಾಗೆಯೇ ಇತ್ತು, ಕಿತ್ತುಹಾಕಿಸಿದೆವು. ಯಾವ ಟ್ರಕ್, ಎಷ್ಟು ಗಂಟೆ, ಯಾರು ಓಡಿಸಿದರು, ಯಾವ ಕಂಬ: ಇಷ್ಟಕ್ಕೆ ಅದೇ ದಿನ ಸಂಜೆ ಊಟಕ್ಕೆ ಮೊದಲು ಗ್ಯಾಂಗ್ ಮುಖ್ಯಸ್ಥರ ಸಹಿ. ವಾರದ ನಂತರ ನೆನಪಿನಿಂದ ತುಂಬಿದ ಹಾಳೆಗಳಿಂದ ಒಂದು ವರ್ಷ ಬಿಲ್ಲಿನ ಹತ್ತರಲ್ಲೊಂದು ಪಾಲು ನಮ್ಮ ತಲೆಗೇ ಬಂತು. ಹಣ ಕೈಸೇರುವವರೆಗೆ ಸಾಲ ಬೇಕೇ ಬೇಕು. ಸಂಘಗಳೇ 1969ರಲ್ಲಿ ಕಟ್ಟಿಕೊಂಡ ಸಾಲ ಸಂಸ್ಥೆ ಸಿಎಫ್‌ಸಿಯಲ್ಲಿ ಸಾಲದ ಮಿತಿಯನ್ನು ಚಳಿಗಾಲಕ್ಕೆ ಮುಂಚೆಯೇ ಮಂಜೂರು ಮಾಡಿಸಿಡಿ.

ನಡುವೆ ಡ್ರೋನ್‌ನಿಂದ ಲೈನ್ ಪರಿಶೀಲನೆ ಮಾಡಿ ನೋಡಿದೆವು. ಚಳಿಗೆ ಬ್ಯಾಟರಿ ಹೆಚ್ಚುಕಡಿಮೆ ಅರ್ಧ ಹೊತ್ತೂ ಬರಲಿಲ್ಲ. ಸ್ಮಾರ್ಟ್ ಮೀಟರ್‌ಗಳಿಗೆ ಪಿಂಗ್ (ಕರೆಂಟ್ ಇದೆಯೇ ಎಂದು ಕೇಳುವ ಸಂಕೇತ) ಕಳಿಸಿದ್ದು ನಿಜಕ್ಕೂ ಫಲ ಕೊಟ್ಟಿತು. ಟ್ಯಾಪ್‌ಗೆ ಕರೆಂಟ್ ಕೊಟ್ಟ ಕೂಡಲೇ ಪಿಂಗ್, ಉತ್ತರಿಸದ ಮೀಟರ್ ಇದ್ದರೆ ಗ್ಯಾಂಗ್ ಅಲ್ಲಿಂದ ಕದಲುವುದಿಲ್ಲ. ಸರ್ವಿಸ್ ವೈರ್ ಹರಿದ ಮನೆಗಳು ಹೀಗೆ ಸಿಗುತ್ತವೆ.

ನೆರೆಯವರಿಂದ ಎರವಲು ತಂದ ಟ್ರಾನ್ಸ್‌ಫಾರ್ಮರ್‌ಗಳ ಸೀರಿಯಲ್ ನಂಬರನ್ನು ಇಳಿಸಿಕೊಳ್ಳುವಾಗಲೇ ಫೋಟೊ ತೆಗೆಯಿರಿ. ಕಂಬದ ಮೇಲೆ ಹೋದಮೇಲೆ ಯಾವುದು ಯಾರದ್ದೆಂದು ಪತ್ತೆಹಚ್ಚಲು ನಮಗೆ ಒಂದು ಬೇಸಿಗೆಯೇ ಹಿಡಿದಿತ್ತು.