ಆಷಾಢದಲ್ಲಿ ಬೆಳಗೊಳದ ಬೆಟ್ಟ ಹತ್ತುವವರಿಗೆ

ನಮ್ಮದು ಚನ್ನರಾಯಪಟ್ಟಣ. ಬೆಂಗಳೂರಿನಿಂದ ನೆಂಟರು ಬಂದರೆಂದರೆ ಶ್ರವಣಬೆಳಗೊಳ ತೋರಿಸುವ ಕೆಲಸ ನನ್ನ ತಲೆಗೇ. ಎಲ್ಲರಿಗೂ ಪುರುಸೊತ್ತಾಗುವುದು ಡಿಸೆಂಬರ್‌ನಲ್ಲಿ. ಆಗ ಶಾಲಾ ಪ್ರವಾಸದ ಬಸ್ಸುಗಳ ಸಾಲು, ಮೆಟ್ಟಿಲ ತುಂಬ ಮಕ್ಕಳ ಕೂಗಾಟ, ಮೇಷ್ಟ್ರುಗಳ ಸೀಟಿ. ನನ್ನನ್ನು ಕೇಳಿದರೆ ಆಷಾಢದಲ್ಲಿ ಬನ್ನಿ, ಅದೂ ವಾರದ ನಡುವೆ. ಮದುವೆ ಮುಂಜಿ ಇಲ್ಲದ ತಿಂಗಳು, ಶಾಲೆಗಳೂ ಶುರುವಾಗಿರುತ್ತವೆ.

ಮಳೆಗಾಲದಲ್ಲಿ ಬೆಟ್ಟವೇ ಅಂತ ಹಿಂಜರಿಯಬೇಡಿ. ಕೊಡಚಾದ್ರಿ, ಮುಳ್ಳಯ್ಯನಗಿರಿಯ ಮಾತು ಬೇರೆ. ಅಲ್ಲಿ ಮಂಜು ಕವಿದರೆ ಮುಂದೆ ಹೋಗುವವರ ಬೆನ್ನೂ ಕಾಣದು. ಬೆಳಗೊಳ ಬಯಲುಸೀಮೆಯ ಕಡೆಯದು. ಗಾಳಿ ಜೋರು, ಮಳೆ ಬಂದರೆ ಹೆಚ್ಚಾಗಿ ತುಂತುರು.

ಜನ ಕಡಿಮೆ ಅನ್ನುವುದಷ್ಟೇ ಅಲ್ಲ, ಬೆಳಕಿನ ಲೆಕ್ಕವೂ ಇದೆ. ಬಾಹುಬಲಿ ನಿಂತಿರುವುದು ಉತ್ತರಕ್ಕೆ ಮುಖಮಾಡಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಿನವಿಡೀ ಬಿಸಿಲು ಬೆನ್ನಿಗೆ, ಫೋಟೋದಲ್ಲಿ ಮುಖ ಕಪ್ಪು. ಜೂನ್, ಜುಲೈನಲ್ಲಿ ಸೂರ್ಯ ನಮ್ಮ ನೆತ್ತಿಯಿಂದಲೂ ಉತ್ತರಕ್ಕೆ ಹಾಯುತ್ತಾನೆ. ಬೆಳಿಗ್ಗೆ ಮೋಡ ಒಂದಿಷ್ಟು ಸರಿದರೆ ಸಾಕು, ಅವನ ಬಲಗೆನ್ನೆಗೆ ಓರೆಬೆಳಕು ಬಿದ್ದು ತುಟಿಯಂಚಿನ ನಗೆ, ತೋಳಿಗೆ ಹಬ್ಬಿದ ಬಳ್ಳಿಯ ಎಲೆ ಬಿಡಿಬಿಡಿಯಾಗಿ ಎದ್ದುಕಾಣುತ್ತವೆ. ಸುಮಾರು 58 ಅಡಿ ಎತ್ತರದ ಏಕಶಿಲೆ ಅದು. ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ್ದು. ಕತ್ತೆತ್ತಿ ನೋಡಿ ಮುಗಿದ ಮೇಲೆ ಪಾದದ ಪಕ್ಕಕ್ಕೂ ಕಣ್ಣುಹಾಯಿಸಿ. 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂಬ ಅಕ್ಷರ ಅಲ್ಲಿದೆ.

ದೊಡ್ಡಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು, ಎಲ್ಲವನ್ನೂ ಬರಿಗಾಲಲ್ಲೇ ಹತ್ತಬೇಕು. ಬೇಸಗೆಯಲ್ಲಿ ಬಂಡೆ ಕಾದು ಕಾಲು ಸುಡುತ್ತದೆ, ಆಗ ಕಾಲುಚೀಲ ಸರಿ. ಮಳೆಯಲ್ಲಿ ಅದನ್ನು ಬಿಚ್ಚಿ ಜೇಬಿಗಿಡಿ: ಒದ್ದೆ ಬಂಡೆಯ ಮೇಲೆ ಬರಿಪಾದ ಹಿಡಿದಷ್ಟು ಗಟ್ಟಿಯಾಗಿ ಬಟ್ಟೆ ಹಿಡಿಯುವುದಿಲ್ಲ. ಇಳಿಯುವಾಗ ಕಂಬಿ ಬಿಡಬೇಡಿ. ಛತ್ರಿ ದಂಡ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿಯಿರುವ ರೈನ್‌ಕೋಟು ತನ್ನಿ. ಮಂಡಿನೋವಿನವರಿಗೆ ಡೋಲಿ ಇದೆ, ಕೂರುವ ಮೊದಲೇ ದರ ಮಾತಾಡಿಕೊಳ್ಳಿ.

ಮಳೆಗಾಲ ಜೈನ ಮುನಿಗಳ ಚಾತುರ್ಮಾಸದ ಕಾಲ, ಊರೂರು ಸಂಚಾರವಿಲ್ಲ. ದಾರಿಯಲ್ಲಿ ಮುನಿಗಳು ಎದುರಾದರೆ ಪಕ್ಕಕ್ಕೆ ಸರಿದು ಕೈಮುಗಿಯಿರಿ. ಮೊಬೈಲು ಎತ್ತಬೇಡಿ.

ದೊಡ್ಡಬೆಟ್ಟ ಇಳಿದವರು ಸೀದಾ ಕಾರು ಹತ್ತುತ್ತಾರೆ, ನನಗೆ ಅದೇ ಸಿಟ್ಟು. ಕಲ್ಯಾಣಿಯ ಆಚೆಗೆ ಚಿಕ್ಕಬೆಟ್ಟವಿದೆ, ಹತ್ತುವುದು ಸುಲಭ. ಚಂದ್ರಗುಪ್ತ ಬಸದಿ, ಚಾವುಂಡರಾಯ ಬಸದಿ, ಭದ್ರಬಾಹು ಗುಹೆ ಎಲ್ಲ ಅಲ್ಲೇ. ಬಂಡೆಯ ಮೈತುಂಬ ಶಾಸನ, ಹೆಜ್ಜೆ ನೋಡಿಕೊಂಡು ಇಡಿ. ಅಲ್ಲಿಂದ ತಿರುಗಿ ನೋಡಿದರೆ ಎದುರಿನ ಬೆಟ್ಟದ ಗೋಡೆಯ ಮೇಲೆ ಗೊಮ್ಮಟನ ತಲೆ, ಹೆಗಲು ಕಾಣುತ್ತವೆ. ಇದಕ್ಕೆ ಬೇರೆಯಾಗಿ ಒಂದೂವರೆ ಗಂಟೆ ಎತ್ತಿಡಿ.