ಕೋಲ್‌ಬ್ರೂಕ್‌ಡೇಲ್ ಕುಲುಮೆಯನ್ನು ನಾನು ನೋಡಿದ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಬೀಡುಕಬ್ಬಿಣದ ಎರಕ ಹೊಯ್ದುಕೊಂಡೇ ದುಡಿದವನು ನಾನು. ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗಳ ಮನೆಗೆ ಹೋದಾಗ, "ಅರಮನೆ ನಮ್ಮೂರಲ್ಲೇ ಇದೆಯಮ್ಮ, ನನಗೆ ಕೋಲ್‌ಬ್ರೂಕ್‌ಡೇಲ್ ತೋರಿಸು" ಅಂದೆ. ಕಬ್ಬಿಣ ಕರಗಿಸುತ್ತಿದ್ದ ಹಳೆಯ ಕುಲುಮೆ ಇರುವ ಇಂಗ್ಲೆಂಡಿನ ಊರು ಅದು.

ಬೋರ್ಡುಗಳನ್ನು ಆಮೇಲೆ ಓದಿದೆ. ಗಾಳಿ ಎಲ್ಲಿಂದ ನುಗ್ಗುತ್ತಿತ್ತು, ಅದಿರು ಎಲ್ಲಿಂದ ಬೀಳುತ್ತಿತ್ತು, ಲೋಹ ಯಾವ ಕಡೆ ಹರಿಯುತ್ತಿತ್ತು ಅಂತ ಮೊದಲು ಹುಡುಕಿದೆ. ಕುಲುಮೆಯನ್ನು ಇಳಿಜಾರಿಗೆ ಒತ್ತಿ ಕಟ್ಟಿದ್ದಾರೆ. ಅದಿರು, ಕೋಕ್ (ಕಲ್ಲಿದ್ದಲನ್ನು ಗಾಳಿಯಾಡದಂತೆ ಸುಟ್ಟು ಮಾಡಿದ ಉರುವಲು), ಸುಣ್ಣಕಲ್ಲು ಮೇಲಿನಿಂದ, ನೀರಿನ ಚಕ್ರ ತಿದಿ ಒತ್ತುತ್ತಿತ್ತು, ಎರಕ ಕೆಳಗೆ. ಎತ್ತಿ ಸುರಿಯುವ ಯಂತ್ರವೇ ಬೇಡ, ನೆಲವೇ ಆ ಕೆಲಸ ಮಾಡಿದೆ.

1709ರಲ್ಲಿ ಅಬ್ರಹಾಂ ಡಾರ್ಬಿ ಇಲ್ಲಿ ಇದ್ದಲು ಬಿಟ್ಟು ಕೋಕ್‌ನಿಂದ ಕಬ್ಬಿಣ ಕರಗಿಸಿದ. ಎಲ್ಲರೂ ಹೇಳುವುದು ಅದನ್ನೇ. ನನಗೆ ಹಿಡಿಸಿದ್ದು ಅದಕ್ಕೂ ಹಿಂದಿನದು: 1707ರಲ್ಲಿ ಮರಳಿನ ಅಚ್ಚಿನಲ್ಲಿ ಬೀಡಿನ ಪಾತ್ರೆ ಎರೆಯುವ ವಿಧಾನಕ್ಕೆ ಆತ ಪೇಟೆಂಟ್ ಪಡೆದಿದ್ದ. ಹೊಟ್ಟೆ ದಪ್ಪ, ಬಾಯಿ ಕಿರಿದಾದ ಪಾತ್ರೆಗೆ ತೆಳು ಗೋಡೆ ಬರಬೇಕಾದರೆ ಲೋಹ ಮೂಲೆಮೂಲೆಗೂ ಸಲೀಸಾಗಿ ಹರಿಯಬೇಕು. ಕೋಕ್ ಕಬ್ಬಿಣದಲ್ಲಿ ಸಿಲಿಕಾನ್ ಹೆಚ್ಚು, ಹಾಗಾಗಿ ತೆಳು ಎರಕಕ್ಕೆ ಒಗ್ಗುತ್ತದೆ. ಕೋಕ್ ಗೆದ್ದದ್ದರಲ್ಲಿ ಅಡುಗೆಮನೆಯ ಪಾಲೂ ಇದೆ ಅಂತ ನಾನು ಹೇಳಿದರೆ ಮಗಳು ನಕ್ಕಳು.

"ಹಾಗಾದ್ರೆ ನಮ್ಮ ಭದ್ರಾವತಿ ಯಾವುದ್ರಲ್ಲಿ ಉರೀತಿತ್ತು ಅಪ್ಪ?" ಅಂದಳು. ಇದ್ದಲಿನಲ್ಲೇ! 1923ರಲ್ಲಿ ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಊದುಕುಲುಮೆಗೆ ಹಾಕಿದ್ದು ಮಲೆನಾಡಿನ ಮರದ ಇದ್ದಲು. ಡಾರ್ಬಿಯಾದ ಇನ್ನೂರು ವರ್ಷದ ಮೇಲೆ! ಅದನ್ನು ಹಿಂದುಳಿದಿದ್ದು ಅನ್ನಲಾರೆ. ಹತ್ತಿರದಲ್ಲಿ ಕಲ್ಲಿದ್ದಲಿರಲಿಲ್ಲ, ಕಾಡಿತ್ತು, ಅಷ್ಟೇ.

ಅಲ್ಲಿಂದ ಸೆವರ್ನ್ ನದಿಯ ಕಬ್ಬಿಣದ ಸೇತುವೆಗೆ ಹೋದೆವು. 1779ರಲ್ಲಿ ಎದ್ದದ್ದು, 1781ರಲ್ಲಿ ಜನಸಂಚಾರಕ್ಕೆ ತೆರೆದದ್ದು. ಇಲ್ಲಿ ಮಾತ್ರ ಮೇಲೆ ನಡೆದು ವಾಪಸಾಗಬೇಡಿ, ದಂಡೆಗಿಳಿದು ತಲೆ ಎತ್ತಿ ನೋಡಿ. ರಿವೆಟ್ ಇಲ್ಲ, ವೆಲ್ಡಿಂಗ್ ಅಂತೂ ಆಗ ಎಲ್ಲಿಯದು? ಬಡಗಿ ಬಾಗಿಲ ಚೌಕಟ್ಟು ಕೂಡಿಸುವಂತೆ ಕಚ್ಚು ಕೊಟ್ಟು, ಬೆಣೆ ಬಡಿದು ಕಬ್ಬಿಣ ಜೋಡಿಸಿದ್ದಾರೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲೇ.

ಸುಮಾರು 30 ಮೀಟರ್ ಅಗಲ ದಾಟಲು 378 ಟನ್ ಲೋಹ ಸುರಿದಿದ್ದಾರೆ. 1796ರಲ್ಲಿ ಅದೇ ನದಿಯ ಮೇಲ್ಗಡೆ ಬಿಲ್ಡ್‌ವಾಸ್‌ನಲ್ಲಿ ಥಾಮಸ್ ಟೆಲ್ಫರ್ಡ್ ಇದಕ್ಕಿಂತ ಅಗಲದ ಸೇತುವೆಯನ್ನು ಅರ್ಧಕ್ಕಿಂತ ಕಡಿಮೆ ಕಬ್ಬಿಣದಲ್ಲಿ ಮುಗಿಸಿದ. ಆದರೆ ಅವನ ಕಣ್ಣೆದುರು ಇದು ನಿಂತಿತ್ತಲ್ಲ.